ನಮ್ಮೂರು ನಗರಸಭೆಗೆ ಸೇರಿತು, ಆಮೇಲೆ ಅಮ್ಮನ ಜಮೀನಿನ ವಲಯ ನಿಗದಿಯಾಯಿತು

ಹೋದ ತಿಂಗಳು ಅಮ್ಮನ ಜಮೀನಿನ ವಲಯ ದೃಢೀಕರಣ ಪತ್ರ, ಅಂದರೆ ಆ ಜಾಗವನ್ನು ಯಾವುದಕ್ಕೆ ಬಳಸಬಹುದು ಎಂದು ಹೇಳುವ ಪತ್ರ, ಕೈಗೆ ಬಂತು. ಒಂದೇ ಹಾಳೆ. ಸರ್ವೆ ನಂಬರ್, ವಿಸ್ತೀರ್ಣ, ಅದರ ಮುಂದೆ 'ವಸತಿ' ಅಂತ ಬರೆದು ಸಹಿ, ಸೀಲು. ಇಷ್ಟಕ್ಕೆ ನಮಗೆ ವರ್ಷಗಳೇ ಹಿಡಿದವು. ನಮ್ಮ ಹಾಗೆ ಹಳ್ಳಿಯಿಂದ ನಗರಸಭೆಗೆ ಸೇರಿದ ಊರುಗಳು ರಾಜ್ಯದಲ್ಲಿ ತುಂಬಾ ಇವೆ, ಇನ್ನೂ ಸೇರುತ್ತಲೇ ಇವೆ. ಮುಂದೆ ಏನೇನು ಬರುತ್ತೆ ಅಂತ ಅಲ್ಲಿನವರಿಗೆ ಮೊದಲೇ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಊರು, ಕಚೇರಿಗಳ ಹೆಸರು ಹಾಕಿಲ್ಲ. ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರ, ಅದರ ಬೈಪಾಸಿನ ಆಚೆ ನಮ್ಮೂರು. ಇಷ್ಟು ಸಾಕು.

ಮೊದಲು ಒಂದು ವಿಷಯ. ಊರು ನಗರಸಭೆಗೆ ಸೇರುವುದು ಬೇರೆ, ಜಮೀನಿಗೆ ವಲಯ ನಿಗದಿಯಾಗುವುದು ಬೇರೆ. ಸೇರುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಪ್ರಕಾರ. ವಲಯ ನಿಗದಿಯಾಗುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ. ಎರಡಕ್ಕೂ ಕಚೇರಿ ಬೇರೆ, ಅಧಿಸೂಚನೆ ಬೇರೆ, ಆಕ್ಷೇಪಣೆಯ ಗಡುವೂ ಬೇರೆ. ನಮ್ಮೂರಲ್ಲಿ ಬಹಳ ಜನ ಮೊದಲನೆಯದಕ್ಕೆ ಅರ್ಜಿ ಕೊಟ್ಟು, ಎರಡನೆಯದಕ್ಕೂ ಅದೇ ಸಾಕು ಅಂದುಕೊಂಡು ಸುಮ್ಮನಾದರು. ಅವರಲ್ಲಿ ಕೆಲವರು ಇವತ್ತಿಗೂ ಓಡಾಡುತ್ತಿದ್ದಾರೆ.

ನಗರಸಭೆಗೆ ಸೇರಿಸುವ ಪ್ರಸ್ತಾಪ ಬಂದಾಗ ಊರಲ್ಲಿ ಗಲಾಟೆಯೇ ಆಗಿತ್ತು. ಸರ್ಕಾರ ಮೊದಲು ಸೇರಿಸುವ ಉದ್ದೇಶವನ್ನು ಅಧಿಸೂಚನೆ ಹೊರಡಿಸಿ ತಿಳಿಸುತ್ತದೆ, ಆಕ್ಷೇಪಣೆ ಕೇಳುತ್ತದೆ, ಆಮೇಲೆ ಅಂತಿಮ ಅಧಿಸೂಚನೆ. ಗ್ರಾಮಸಭೆಯಲ್ಲಿ ಜನ ಕೇಳಿದ್ದೆಲ್ಲ ನ್ಯಾಯವಾದ ಪ್ರಶ್ನೆಗಳೇ. ಕಂದಾಯ ಎಷ್ಟು ಜಾಸ್ತಿಯಾಗುತ್ತೆ? ನರೇಗಾ ಕೆಲಸ ನಿಂತುಹೋಗುತ್ತಲ್ಲ, ಕೂಲಿಯವರು ಏನು ಮಾಡಬೇಕು? ನೀರು ಯಾವಾಗ ಬರುತ್ತೆ? ನರೇಗಾ ಇದ್ದದ್ದು ಗ್ರಾಮೀಣ ಪ್ರದೇಶಕ್ಕೆ ಮಾತ್ರ, ಹಾಗಾಗಿ ಅದು ನಿಂತೇಹೋಯಿತು. ನೀರಿನ ವಿಷಯದಲ್ಲಿ ಬೇಗ ಆಸೆ ಇಟ್ಟುಕೊಳ್ಳಬೇಡಿ. ಬೆಂಗಳೂರಿಗೆ 2007ರಲ್ಲಿ 110 ಹಳ್ಳಿಗಳು ಸೇರಿದವು. ಅವುಗಳಿಗೆ ನೀರು ಕೊಡುವ ಕಾವೇರಿ 5ನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಮನೆಗಳ ಖಾತೆ ಪಂಚಾಯ್ತಿಯ ಇ-ಸ್ವತ್ತಿನಿಂದ ನಗರಸಭೆಯ ಇ-ಆಸ್ತಿಗೆ ಹೋಗಬೇಕು. ಅದೂ ಒಂದು ಕೆಲಸ, ಆದರೆ ಅದರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಜಮೀನಿನ ಬಗ್ಗೆ ಮಾತ್ರ ಆ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮನ ಹೆಸರಿಗೆ ಬಂದದ್ದು 1 ಎಕರೆ 26 ಗುಂಟೆ. ರಾಗಿ, ಅವರೆ, ಬದುವಿನ ಉದ್ದಕ್ಕೂ ತೆಂಗು. ಅದೇ ಸರ್ವೆ ನಂಬರ್‌ನ ಪಕ್ಕದ ಹಿಸ್ಸಾ, ಅಂದರೆ ಪಾಲು, ಚಿಕ್ಕಪ್ಪನದು. ಅವರ ಮಗನಿಗೆ ಮದುವೆ ಗೊತ್ತಾಗಿತ್ತು, ಮನೆ ಕಟ್ಟಬೇಕಿತ್ತು. ಊರು ನಗರಸಭೆಗೆ ಸೇರಿದೆಯಲ್ಲ, ಇನ್ನೇನು ಮನೆಯ ಪ್ಲಾನ್ ಮಂಜೂರು ಮಾಡಿಕೊಡುತ್ತಾರೆ ಎಂದು ಅವನು (ನನಗೆ ತಮ್ಮನಾಗಬೇಕು) ಕಾಗದಪತ್ರ ಹಿಡಿದು ನಗರಸಭೆಗೆ ಹೋದ. "ಇದು ಕೃಷಿ ಜಮೀನು. ಮೊದಲು ಪರಿವರ್ತನೆ ಆಗಬೇಕು" ಅಂದರು. ಪರಿವರ್ತನೆಗೆ ಅರ್ಜಿ ಹಾಕಿದರೆ ಯೋಜನಾ ಪ್ರಾಧಿಕಾರದ ಅಭಿಪ್ರಾಯ ಬೇಕು ಅಂದರು. ಪ್ರಾಧಿಕಾರಕ್ಕೆ ಹೋದರೆ ಗೋಡೆಗೆ ಅಂಟಿಸಿದ್ದ ನಕ್ಷೆ ತೋರಿಸಿದರು. ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ನಗರದ ಹಳೆಯ ಮಾಸ್ಟರ್ ಪ್ಲಾನ್ ಬೈಪಾಸಿಗೆ ಮುಗಿದುಹೋಗಿತ್ತು. ಆಚೆಗೆ ನಮ್ಮೂರಿನ ಹೆಸರಿತ್ತು, ಸುತ್ತ ಖಾಲಿ ಬಿಳಿ ಕಾಗದ.

ಪ್ರಾಧಿಕಾರದವರು ಹೇಳಿದ್ದು ಇಷ್ಟು. ಸ್ಥಳೀಯ ಯೋಜನಾ ಪ್ರದೇಶ ಎಂಬ ಗಡಿ ಒಂದಿರುತ್ತೆ. ಅದು ನಗರಸಭೆಯ ಗಡಿಯೊಂದಿಗೆ ತಾನಾಗಿ ಬೆಳೆಯುವುದಿಲ್ಲ. ಅದನ್ನು ವಿಸ್ತರಿಸಲು ಯೋಜನಾ ಕಾಯ್ದೆಯ 4-ಎ ಕಲಂ ಪ್ರಕಾರ ಪ್ರತ್ಯೇಕ ಅಧಿಸೂಚನೆ ಆಗಬೇಕು. ಆಮೇಲೆ ಆ ಪ್ರದೇಶಕ್ಕೆ ಮಾಸ್ಟರ್ ಪ್ಲಾನ್ ಮಾಡಬೇಕು, ಅಥವಾ ಇರುವ ಪ್ಲಾನನ್ನು ಪರಿಷ್ಕರಿಸುವಾಗ ಸೇರಿಸಬೇಕು. ಕೆಲವು ಕಡೆ ಇದು ತಿರುಗುಮುರುಗಾಗಿ, ಅಂದರೆ ಹಳ್ಳಿ ಇನ್ನೂ ಪಂಚಾಯ್ತಿಯಲ್ಲೇ ಇದ್ದರೂ ಯೋಜನಾ ಪ್ರದೇಶಕ್ಕೆ ಮೊದಲೇ ಸೇರಿರುತ್ತದೆ. ಅಂಥ ಕಡೆ ವಲಯ ಆಗಲೇ ನಿಗದಿಯಾಗಿರಬಹುದು. ನಿಮ್ಮೂರು ನಗರಕ್ಕೆ ಸೇರಿದೆ ಅಂತ ಗೊತ್ತಾದ ದಿನವೇ ನಗರಸಭೆಗೆ ಹೋಗುವ ಬದಲು ಯೋಜನಾ ಪ್ರಾಧಿಕಾರಕ್ಕೆ ಹೋಗಿ ಎರಡೇ ಪ್ರಶ್ನೆ ಕೇಳಿ: ನಮ್ಮ ಹಳ್ಳಿ ಯೋಜನಾ ಪ್ರದೇಶದೊಳಗೆ ಇದೆಯಾ? ಇದ್ದರೆ ಯಾವ ಪ್ಲಾನಿನ ಯಾವ ಹಾಳೆಯಲ್ಲಿದೆ?

ಬಿಳಿ ಕಾಗದದ ಆ ಕಾಲವೇ ನಮಗೆ ಕಷ್ಟದ್ದು. ತಮ್ಮನ ಅರ್ಜಿ ಅಭಿಪ್ರಾಯಕ್ಕೆ ಹೋಗಿ ಅಲ್ಲೇ ಕೂತಿತು. ಬ್ಯಾಂಕಿನವರು ಪ್ಲಾನ್ ಮಂಜೂರಾತಿ ಇಲ್ಲದೆ ಸಾಲ ಇಲ್ಲ ಅಂದರು. ಮದುವೆ ಆಯಿತು, ಹೊಸ ಸೊಸೆ ಹಳೇ ಮನೆಗೇ ಬಂದಳು. ಚಿಕ್ಕಪ್ಪ ದಿನಾ ಸಂಜೆ ಬಂದು ನಮ್ಮ ಜಗಲಿ ಮೇಲೆ ಕೂತು ಅದನ್ನೇ ಹೇಳುತ್ತಿದ್ದರು. ಇತ್ತ ಕೆಲವರು ಕಾಯಲಿಲ್ಲ. ರಾಗಿ ಹೊಲಗಳನ್ನು ಸಮತಟ್ಟು ಮಾಡಿ ಮೂವತ್ತು-ನಲವತ್ತರ ಸೈಟುಗಳೆಂದು ಕಲ್ಲು ನೆಟ್ಟು ಮಾರಿದರು. ರಸ್ತೆ ಇಪ್ಪತ್ತಡಿ, ಚರಂಡಿ ಇಲ್ಲವೇ ಇಲ್ಲ. ಮಳೆ ಬಂದಾಗ ಆ ನೀರೆಲ್ಲ ಹರಿದು ಬರುತ್ತಿದ್ದುದು ನಮ್ಮ ಹೊಲಕ್ಕೆ. ಊರಿಗೆ ಒಂದು ಪ್ಲಾನ್ ಬೇಕೇ ಬೇಕು ಎಂದು ನನಗೆ ಅನಿಸಿದ್ದು ಆಗಲೇ. ಈಗಲೂ ಹಾಗೇ ಅನಿಸುತ್ತದೆ. ಯೋಜನೆಯೇ ಬೇಡ, ನಮ್ಮ ಪಾಡಿಗೆ ಬಿಡಿ ಅನ್ನುವವರ ಜೊತೆ ನಾನಿಲ್ಲ.

ಯೋಜನಾ ಪ್ರದೇಶ ವಿಸ್ತರಣೆಯ ಅಧಿಸೂಚನೆ ಬಂದು, ಪ್ಲಾನಿನ ಕೆಲಸ ಶುರುವಾಯಿತು. ಟ್ಯಾಬ್ ಹಿಡಿದ ಹುಡುಗರು ಊರೆಲ್ಲ ಸುತ್ತಿ ಈಗ ಯಾವ ಜಾಗ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಗುರುತು ಮಾಡಿಕೊಂಡರು. ಇವರು ಬಂದಾಗ ಜಮೀನಿನ ಹತ್ತಿರ ಯಾರಾದರೂ ಇರಿ. ಬೀಳು ಬಿಟ್ಟ ಹೊಲ, ತೋಟ, ಕೊಳವೆಬಾವಿ, ಕಣ, ಪಂಪ್‌ಸೆಟ್ ಮನೆ ಎಲ್ಲ ತೋರಿಸಿ. ಅವರು ಬರೆದುಕೊಂಡದ್ದೇ ಮುಂದಿನ ನಕ್ಷೆಗೆ ಬುನಾದಿ. ನಮ್ಮ ತೆಂಗಿನ ಸಾಲು ಆ ನಕ್ಷೆಗೆ ಬಂದದ್ದು ಅಮ್ಮ ಬಿಸಿಲಲ್ಲಿ ಅವರ ಹಿಂದೆಯೇ ನಡೆದು ತೋರಿಸಿದ್ದರಿಂದ.

ಆಮೇಲೆ ಮತ್ತೆ ಕಾಯುವುದು. ಪ್ರಾಧಿಕಾರ ಮಾಡಿದ ಪ್ಲಾನ್ ನಗರ ಮತ್ತು ಗ್ರಾಮಾಂತರ ಯೋಜನಾ ನಿರ್ದೇಶಕರ ಮೂಲಕ ಸರ್ಕಾರಕ್ಕೆ ಹೋಗುತ್ತದೆ. ಅಲ್ಲಿ ತಾತ್ಕಾಲಿಕ ಅನುಮೋದನೆ ಸಿಕ್ಕ ಮೇಲೆ ಅದನ್ನು ಪ್ರಕಟಿಸಿ ಜನರ ಆಕ್ಷೇಪಣೆ ಕೇಳುತ್ತಾರೆ. ಜನ ಮಾತಾಡಬೇಕಾದ ಹೊತ್ತು ಅದೇ. ನಮಗೆ ಸಿಕ್ಕಿದ್ದು 60 ದಿನ. ಬೆಂಗಳೂರಿನ 2031ರ ಪರಿಷ್ಕೃತ ಮಾಸ್ಟರ್ ಪ್ಲಾನಿನ ಕರಡು 2017ರ ನವೆಂಬರ್‌ನಲ್ಲಿ ಬಂದಾಗಲೂ ಕೊಟ್ಟಿದ್ದು ಅಷ್ಟೇ. ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಜಾಹೀರಾತುಗಳ ನಡುವೆ ಬಂದಿತ್ತು. ನನ್ನ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಪೇಪರ್ ಓದುತ್ತಾ, "ನಿಮ್ಮೂರಿನ ಹೆಸರಿದೆ ನೋಡಿ ಮೇಡಂ" ಅಂದಿದ್ದಕ್ಕೆ ಗೊತ್ತಾಯಿತು. ಊರಿನಲ್ಲಿ ಡಂಗುರ ಇಲ್ಲ, ನೋಟಿಸ್ ಇಲ್ಲ. ಹಾಗಾಗಿ ಊರಿನ ನಾಲ್ಕೈದು ಜನ ಸೇರಿ ಪಾಳಿ ಹಾಕಿಕೊಂಡು ಪತ್ರಿಕೆ ನೋಡಿ. ಪ್ರಾಧಿಕಾರದ ಸೂಚನಾ ಫಲಕವನ್ನೂ ಆಗಾಗ ನೋಡಿಬನ್ನಿ.

ನಕ್ಷೆಯನ್ನು ಪ್ರಾಧಿಕಾರದ ಸಭಾಂಗಣದಲ್ಲಿ ಉದ್ದ ಮೇಜುಗಳ ಮೇಲೆ ಹರಡಿದ್ದರು. ಹಳದಿ ಅಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಶಾಲೆ-ಆಸ್ಪತ್ರೆಯಂಥ ಸಾರ್ವಜನಿಕ ಬಳಕೆ, ಕಡು ಹಸಿರು ಉದ್ಯಾನ, ತಿಳಿ ಹಸಿರು ಕೃಷಿ. ಈ ಎರಡು ಹಸಿರುಗಳ ವ್ಯತ್ಯಾಸ ಗಮನಿಸಿ ನೋಡಿ. ಕೃಷಿ ಎಂದಿದ್ದರೆ ನಿಮ್ಮ ಜಮೀನು ನಿಮ್ಮದಾಗಿಯೇ ಇರುತ್ತೆ, ಕಟ್ಟಡಕ್ಕೆ ಮಾತ್ರ ನಿರ್ಬಂಧ. ಉದ್ಯಾನ ಎಂದಿದ್ದರೆ ಮುಂದೊಂದು ದಿನ ಸ್ವಾಧೀನಕ್ಕೆ ಬರಬಹುದು. ಸರ್ವೆ ನಂಬರ್‌ಗಳು ಇರುವೆ ಗಾತ್ರದ ಅಕ್ಷರದಲ್ಲಿದ್ದವು. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ, ಕೆರೆ ಕೋಡಿಯಿಂದ ಶುರುಮಾಡಿ ಮಾರಮ್ಮನ ಗುಡಿ, ಗುಂಡುತೋಪು, ಬಂಡಿದಾರಿ ಎಂದು ಬೆರಳಲ್ಲೇ ನಡೆದುಕೊಂಡು ಹೋದಳು. ನಮ್ಮ ಜಮೀನಿನ ಮೇಲೆ ಬೆರಳು ನಿಂತಿತು. ಅಲ್ಲಿ ಕಡು ಹಸಿರು ಬಳಿದಿದ್ದರು. ಮಧ್ಯದಲ್ಲೊಂದು ನೀಲಿ ಗೆರೆ, ಹಳ್ಳದ್ದು.

"ಹಳ್ಳ ನಮ್ಮ ಹೊಲದಲ್ಲಿ ಎಲ್ಲಿದೆ?" ಅಂದಳು ಅಮ್ಮ. ಕೋಪದಿಂದಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ್ದು. ಅಲ್ಲಿದ್ದ ಸಿಬ್ಬಂದಿ ಹತ್ತಿರ ಉತ್ತರ ಇರಲಿಲ್ಲ. "ಆಕ್ಷೇಪಣೆ ಬರೆದುಕೊಡಿ ಅಮ್ಮ" ಅಂದರು. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಅಪ್ಪ ಸಾಲ ತೀರಿಸಿ ಬಿಡಿಸಿಕೊಂಡ ಜಮೀನು ಅದು. ಅದರ ಅರ್ಧ ಭಾಗ, ಸುಮಾರು 30 ಗುಂಟೆ, ಹಸಿರಿನೊಳಗೆ ಹೋಗಿತ್ತು.

ಹೀಗೇಕಾಯಿತು ಎಂದು ತಿಳಿದದ್ದು ನಿವೃತ್ತ ಭೂಮಾಪಕರೊಬ್ಬರಿಂದ. ಗೊತ್ತಿರುವವರ ಮೂಲಕ ಅವರ ಮನೆಗೆ ಹೋದೆವು. ಅವರು ವಿವರಿಸಿದ್ದು ಎಲ್ಲರಿಗೂ ಗೊತ್ತಿರಲಿ. ನಮ್ಮ ಹಳೆಯ ಗ್ರಾಮ ನಕ್ಷೆಗಳು 1:7920 ಅಳತೆಯಲ್ಲಿವೆ. ಅಂದರೆ ಕಾಗದದ ಮೇಲೆ ಒಂದು ಮಿಲಿಮೀಟರ್ ಎಂದರೆ ನೆಲದಲ್ಲಿ ಸುಮಾರು 8 ಮೀಟರ್, 26 ಅಡಿ. ಹೊಸ ಮಾಸ್ಟರ್ ಪ್ಲಾನುಗಳಿಗೆ ಉಪಗ್ರಹ ಚಿತ್ರ ಆಧರಿಸಿದ ಕಂಪ್ಯೂಟರ್ (ಜಿಐಎಸ್) ನಕ್ಷೆ ಬಳಸುತ್ತಾರೆ. ಕೇಂದ್ರ ಸರ್ಕಾರದ ಅಮೃತ್ ಯೋಜನೆಯ ನಗರಗಳಿಗೆ ಇದನ್ನು 1:4000 ಅಳತೆಯಲ್ಲಿ ಮಾಡಿದರು. ಹಳೇ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ ಇದರ ಮೇಲೆ ಕೂರಿಸುವಾಗ ಮೂರು ಮಿಲಿಮೀಟರ್ ಆಚೀಚೆ ಆದರೂ ನೆಲದಲ್ಲಿ ಸುಮಾರು 80 ಅಡಿ ಸರಿದುಬಿಡುತ್ತದೆ. 80 ಅಡಿ ಎಂದರೆ ಎರಡೂವರೆ ಗುಂಟೆ ಅಗಲ. ಗುಂಟೆ ಅಂದರೆ 33 ಅಡಿಗೆ 33 ಅಡಿ ಅಲ್ವಾ, ಲೆಕ್ಕ ಹಾಕಿ ನೋಡಿ. ನಮ್ಮ ಪೂರ್ವಕ್ಕೆ, ಪಕ್ಕದ ಸರ್ವೆ ನಂಬರ್‌ನಲ್ಲಿ ಹಳ್ಳ ಇರುವುದು ನಿಜ. ಅದು ನಕ್ಷೆಯಲ್ಲಿ ನಮ್ಮ ಕಡೆ ಸರಿದಿತ್ತು. ಹಳ್ಳದ ಜೊತೆ ಅದರ ಮೀಸಲು ಅಂಚೂ, ಅಂದರೆ ಕಟ್ಟಡ ಕಟ್ಟದೆ ಬಿಡಬೇಕಾದ ಪಟ್ಟಿಯೂ ಬಂತು. ಅಂಚಿನ ಪಕ್ಕ ಉಳಿದ ಜಾಗಕ್ಕೆ ಉದ್ಯಾನವನ್ನೂ ಸೇರಿಸಿದ್ದರು.

ಈ ಮೀಸಲು ಅಂಚು ಊರಿಂದೂರಿಗೆ ಬೇರೆ. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನಿನಲ್ಲಿ ಕೆರೆಗೆ 30 ಮೀಟರ್, ದೊಡ್ಡ ರಾಜಕಾಲುವೆಗೆ 50, ಎರಡನೇ ಹಂತದ್ದಕ್ಕೆ 25, ಮೂರನೇ ಹಂತದ್ದಕ್ಕೆ 15 ಮೀಟರ್ ಇಟ್ಟಿದ್ದಾರೆ. ನಮ್ಮಲ್ಲಿ ಈ ಹಳ್ಳಕ್ಕೆ ಮಧ್ಯದಿಂದ ಎರಡೂ ಕಡೆ 15 ಮೀಟರ್. ನಿಮ್ಮ ಪ್ಲಾನಿನ ಜೊತೆ ವಲಯ ನಿಯಮಾವಳಿ ಎಂಬ ಪುಸ್ತಕವನ್ನೂ ಇಟ್ಟಿರುತ್ತಾರೆ. ಬಣ್ಣ ನೋಡಿ ವಾಪಸ್ ಬರಬೇಡಿ, ಆ ಪುಸ್ತಕದಲ್ಲಿ ನಿಮಗೆ ಬೇಕಾದ ಪುಟದ ಫೋಟೋ ತೆಗೆದುಕೊಳ್ಳಿ.

ನಮಗೆ ಬೇಕಾದ ದಾಖಲೆಗಳು: ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ಆಕಾರ್‌ಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಸರ್ವೆ ಮಾಡಿದಾಗ ಬರೆದ ಮೂಲ ಅಳತೆ), ಹಿಸ್ಸಾ ನಕ್ಷೆ, ಗ್ರಾಮ ನಕ್ಷೆ. ಪಹಣಿಯ 3ನೇ ಕಾಲಮ್ಮಿನಲ್ಲಿ ವಿಸ್ತೀರ್ಣದ ಕೆಳಗೆ ಎ ಖರಾಬು, ಬಿ ಖರಾಬು ಎಂದು ಇರುತ್ತದೆ. ಸಾಗುವಳಿಗೆ ಬಾರದ ಬಂಡೆಯಂಥ ನೆಲ ಎ ಖರಾಬು. ದಾರಿ, ಹಳ್ಳದಂಥ ಸಾರ್ವಜನಿಕ ಜಾಗ ಬಿ ಖರಾಬು. ನಮ್ಮ ಪಹಣಿಯಲ್ಲಿ ಬಿ ಖರಾಬು ಸೊನ್ನೆ. ಇದೇ ನಮ್ಮ ದೊಡ್ಡ ಆಧಾರ. ಹಳ್ಳ ನಮ್ಮಲ್ಲಿದ್ದಿದ್ದರೆ ಅದು ಅಲ್ಲಿ ಇರಬೇಕಿತ್ತು.

ಪಹಣಿ ಸುಲಭವಾಗಿ ಸಿಕ್ಕಿತು. ಟಿಪ್ಪಣಿ ಸಿಗಲಿಲ್ಲ. ತಾಲ್ಲೂಕಿನ ದಾಖಲೆ ಕೊಠಡಿಯಲ್ಲಿ ಹುಡುಕಿ, "ಶಿಥಿಲವಾಗಿದೆ, ಪ್ರತಿ ತೆಗೆಯಲು ಬರುವುದಿಲ್ಲ" ಎಂದರು. ಬಾಯಲ್ಲಿ ಹೇಳಿದ್ದನ್ನು ಬರೆದು ಕೊಡಿ ಎಂದು ಹಿಂಬರಹ ಕೇಳಿದೆವು. ಹಿಂಬರಹ ಬರುವ ಬದಲು ಕೆಲವು ದಿನಗಳಲ್ಲಿ ಟಿಪ್ಪಣಿಯ ಪ್ರತಿಯೇ ಬಂತು. ಅಂಚು ಹರಿದಿತ್ತು, ಆದರೆ ಅಳತೆಗಳು ಓದಲು ಬರುತ್ತಿದ್ದವು. ಇಲ್ಲ ಎಂದವರ ಹತ್ತಿರ ಯಾವಾಗಲೂ ಬರವಣಿಗೆಯಲ್ಲಿ ಕೇಳಿ. ಇನ್ನೊಂದು ಅಡ್ಡಿ ಹೆಸರಿನದು. ಪಹಣಿಯಲ್ಲಿ ಅಮ್ಮನ ಹೆಸರಿನ ಜೊತೆ ಅಪ್ಪನ ಹೆಸರು, ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ. ಇಬ್ಬರೂ ಒಬ್ಬರೇ ಎಂದು ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆವು. ಈ ಕೆಲಸ ಈಗಲೇ ಮಾಡಿಸಿಟ್ಟುಕೊಳ್ಳಿ, ಗಡುವು ಹತ್ತಿರ ಬಂದಾಗ ಅಲ್ಲ.

ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ನಾಡಕಚೇರಿಯಲ್ಲಿ ಅರ್ಜಿ ಹಾಕಿದೆವು. ಸರ್ಕಾರಿ ಭೂಮಾಪಕರ ಸರದಿ 60 ದಿನದೊಳಗೆ ಬರುವ ಲಕ್ಷಣ ಕಾಣಲಿಲ್ಲ. ಅದಕ್ಕೇ ಅರ್ಜಿಯ ಸ್ವೀಕೃತಿಯನ್ನೇ ಆಕ್ಷೇಪಣೆಗೆ ಲಗತ್ತಿಸಿ, 'ಅಳತೆ ವರದಿ ಬಂದ ಮೇಲೆ ಸಲ್ಲಿಸುತ್ತೇವೆ' ಎಂದು ಬರೆದೆವು. ಜೊತೆಗೆ ಖಾಸಗಿಯಾಗಿ ನಕ್ಷೆ ಬರೆಯುವವರಿಂದ ಟಿಪ್ಪಣಿಯ ಅಳತೆ ಇಟ್ಟುಕೊಂಡು ಒಂದು ನಕ್ಷೆ ಮಾಡಿಸಿದೆವು. ಅದಕ್ಕೆ 6,000 ರೂಪಾಯಿ ಕೊಟ್ಟೆವು. ಆಕ್ಷೇಪಣೆ ಸಲ್ಲಿಸಲು ನಮ್ಮಲ್ಲಿ ಶುಲ್ಕ ಇರಲಿಲ್ಲ. ದುಡ್ಡು ಹೋದದ್ದು ನಕ್ಷೆ, ನೋಟರಿ, ಜೆರಾಕ್ಸ್, ಆಟೋಗಳಿಗೆ, ಮತ್ತೆ ನನ್ನ ಸಂಬಳದ ಕಡಿತಕ್ಕೆ. ಖಾಸಗಿ ಶಾಲೆ, ರಜೆ ಹಾಕಿದ ದಿನ ಸಂಬಳ ಇಲ್ಲ.

ಈ ನಡುವೆ ಒಬ್ಬರು ಮನೆಗೇ ಬಂದರು. ಗುಂಟೆಗೆ ಇಷ್ಟು ಅಂತ ಕೊಟ್ಟರೆ ಹಳದಿ ಮಾಡಿಸಿಕೊಡುತ್ತೇನೆ ಎಂದರು. ಚಿಕ್ಕಪ್ಪ ಆಗಲೇ ಸೋತುಹೋಗಿದ್ದರು, "ಕೊಟ್ಟುಬಿಡೋಣವೇನಮ್ಮ, ಒಂದು ಸಲ ಮುಗಿದುಹೋಗಲಿ" ಅಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಆ ಮನುಷ್ಯನ ಕೈಯಲ್ಲಿ ಏನೂ ಇರಲಿಲ್ಲ. ಪ್ಲಾನ್ ಅಂತಿಮವಾಗುವುದು ಸರ್ಕಾರದ ಮಟ್ಟದಲ್ಲಿ. ನಮ್ಮೂರಲ್ಲಿ ಕೊಟ್ಟವರಿದ್ದಾರೆ, ಅವರಿಗೆ ಬಣ್ಣವೂ ಬದಲಾಗಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಕೊಡಬೇಡಿ.

ಆಕ್ಷೇಪಣೆ ಬರೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿ ನಾನು ಕಂಡ ಬಹಳ ಅರ್ಜಿಗಳು 'ನಾವು ಬಡವರು, ದಯವಿಟ್ಟು ಬಿಟ್ಟುಕೊಡಿ' ಎಂದಿದ್ದವು. ಆ ನೋವು ನಿಜ, ಆದರೆ ನಕ್ಷೆ ತಿದ್ದುವವರಿಗೆ ಅದರಿಂದ ಆಧಾರ ಸಿಗುವುದಿಲ್ಲ. ಹಾಳೆಯ ಸಂಖ್ಯೆ ಬರೆಯಿರಿ. ಗ್ರಾಮ, ಹೋಬಳಿ, ಸರ್ವೆ ನಂಬರ್ ಬರೆಯಿರಿ, ಹಿಸ್ಸಾ ನಂಬರ್ ಬಿಡಬೇಡಿ. ನಕ್ಷೆಯಲ್ಲಿ ಮೂಲ ಸರ್ವೆ ನಂಬರ್ ಮಾತ್ರ ಇರುತ್ತೆ. ಒಂದು ಹಿಸ್ಸಾದವರು ಕೊಟ್ಟ ಅರ್ಜಿ ಉಳಿದ ಹಿಸ್ಸಾದವರಿಗೆ ಅನ್ವಯಿಸದು. ಹಾಗಾಗಿ ಅಮ್ಮ ಒಂದು, ಚಿಕ್ಕಪ್ಪ ಒಂದು ಬೇರೆ ಬೇರೆ ಅರ್ಜಿ ಕೊಟ್ಟರು. ನಕ್ಷೆಯಲ್ಲಿ ಏನು ತೋರಿಸಿದ್ದಾರೆ, ಕಂದಾಯ ದಾಖಲೆಯಲ್ಲಿ ಏನಿದೆ, ನೆಲದಲ್ಲಿ ಏನಿದೆ, ನೀವು ಏನು ಬದಲಾವಣೆ ಕೇಳುತ್ತಿದ್ದೀರಿ, ಈ ಕ್ರಮದಲ್ಲಿ ಬರೆದರೆ ಒಂದೂವರೆ ಪುಟ ಸಾಕು. ನಾವು ಇನ್ನೊಂದು ಸಾಲು ಸೇರಿಸಿದ್ದೆವು: ಊರಿಗೆ ಉದ್ಯಾನ ಬೇಕು ಎಂಬುದನ್ನು ಒಪ್ಪುತ್ತೇವೆ, ಕೆರೆಯ ಪಕ್ಕ ಸರ್ಕಾರಿ ಗುಂಡುತೋಪು ಇದೆ, ಅದನ್ನು ಪರಿಗಣಿಸಿ. ಉದ್ಯಾನ ಗುರುತಿಸುವಾಗ ಮೊದಲು ಸರ್ಕಾರಿ ಜಾಗ ನೋಡಬೇಕು, ಆಮೇಲೆ ಹಿಡುವಳಿ ಜಮೀನು. ನನ್ನ ಮಟ್ಟಿಗೆ ಇದು ಯಾವ ಊರಿನ ಪ್ಲಾನಿಗೂ ಮೊದಲ ನಿಯಮ ಆಗಬೇಕು. ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೆವು. ಅದೇ ನಮ್ಮನ್ನು ಕಾಪಾಡಿತು, ಏಕೆಂದರೆ ಮುಂದೆ ಒಮ್ಮೆ ನಿಮ್ಮ ಅರ್ಜಿಯೇ ಕಾಣುತ್ತಿಲ್ಲ ಎಂದರು.

ಗಡುವು ಮುಗಿದ ಮೇಲೆ ಚುನಾವಣೆ ಬಂತು. ನೀತಿ ಸಂಹಿತೆ ಎಂದು ಎಲ್ಲ ನಿಂತಿತು. ಅದು ಮುಗಿದರೂ ಸುದ್ದಿ ಇಲ್ಲ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ 'ನಮ್ಮ ಆಕ್ಷೇಪಣೆಯ ಮೇಲೆ ಇದುವರೆಗೆ ಏನು ಕ್ರಮವಾಗಿದೆ, ಕಡತದ ನೋಟ್ ಶೀಟಿನ ಪ್ರತಿ ಕೊಡಿ' ಎಂದು ಕೇಳಿದೆ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಕಾಣುತ್ತಿಲ್ಲ ಎಂಬ ಮಾತು ಬಂದದ್ದು ಆಗಲೇ. ಇನ್‌ವರ್ಡ್ ನಂಬರ್ ತೋರಿಸಿದ ಮೇಲೆ ಬೇರೊಂದು ಹಳ್ಳಿಯ ಕಡತದಲ್ಲಿ ಸಿಕ್ಕಿತು. ಅಲ್ಲಿಂದ ಕೆಲಸ ನಡೆಯಿತು. ಜಂಟಿ ಸ್ಥಳ ಪರಿಶೀಲನೆಗೆ ದಿನ ಗೊತ್ತಾಯಿತು.

ಅವತ್ತು ಭೂಮಾಪಕರು, ಪ್ರಾಧಿಕಾರದ ನಗರ ಯೋಜಕರ ಕಡೆಯವರು, ಗ್ರಾಮ ಆಡಳಿತಾಧಿಕಾರಿ ಮೂವರೂ ಬಂದರು. ಅಳತೆ ಶುರುಮಾಡಲು ಬಾಂದು ಕಲ್ಲು, ಅಂದರೆ ಗಡಿ ಕಲ್ಲು ಬೇಕು. ಪೂರ್ವದ ಮೂಲೆಯ ಕಲ್ಲು ಕಾಣಲಿಲ್ಲ. ಅಲ್ಲೆಲ್ಲ ಲಂಟಾನ ಬೆಳೆದು ಮುಚ್ಚಿತ್ತು. ಮಚ್ಚಿನಿಂದ ತಮ್ಮ ಪೊದೆ ಸವರುತ್ತಾ ಹೋದ. ಬುಡದಲ್ಲಿ ಮಣ್ಣು ಕೆದಕಿದಾಗ ಮೊಳದುದ್ದದ ಕಲ್ಲು ವಾಲಿಕೊಂಡಿತ್ತು, ತಲೆಯ ಮೇಲೆ ಅಡ್ಡಗೆರೆಯ ಗುರುತು ಅರ್ಧ ಸವೆದಿತ್ತು. ಭೂಮಾಪಕರು ಕೈಯಿಂದ ಮಣ್ಣು ಒರೆಸಿ, ಟಿಪ್ಪಣಿಯ ಅಳತೆ ನೋಡಿ, "ಇದೇ" ಅಂದರು. ಅಲ್ಲಿಂದ ಹಿಡಿದರೆ ಹಳ್ಳದ ಅಂಚು ನಮ್ಮ ಗಡಿಯಿಂದ ಆಚೆ ಸ್ಪಷ್ಟವಾಗಿತ್ತು. ನಿಮ್ಮ ಜಮೀನಿನ ಬಾಂದು ಕಲ್ಲುಗಳು ಎಲ್ಲಿವೆ ಎಂದು ಮನೆಯ ಹಿರಿಯರು ಇರುವಾಗಲೇ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ದಿಶಾಂಕ್ ಆ್ಯಪ್ ಸರ್ವೆ ನಂಬರ್ ತಿಳಿಯಲು ಒಳ್ಳೆಯದು, ಆದರೆ ಗಡಿ ವಿವಾದಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ಬೆಳಿಗ್ಗೆ ಹತ್ತಕ್ಕೆ ಕರೆದಿದ್ದರು, ನಮ್ಮ ಸರದಿ ಬಂದದ್ದು ನಾಲ್ಕರ ಮೇಲೆ. ನಾನು ಹೇಳಬೇಕಾದ್ದನ್ನೆಲ್ಲ ಬರೆದುಕೊಂಡು ಹೋಗಿದ್ದೆ. ಅಧಿಕಾರಿ ಅಮ್ಮನ ಕಡೆ ತಿರುಗಿ, "ಹೇಳಿ ತಾಯಿ" ಅಂದರು. ಅಮ್ಮ ಎದ್ದು ನಿಂತಳು. "ಸ್ವಾಮಿ, ಹಳ್ಳ ಬೇಡ ಅಂತ ನಾನು ಹೇಳೋದಿಲ್ಲ. ಅದು ಮುಚ್ಚಿದರೆ ಊರಿಗೇ ನೀರು ನುಗ್ಗುತ್ತೆ. ಇರೋ ಕಡೆ ಬರೀರಿ ಅಂತ ಕೇಳ್ತೀನಿ" ಅಂದಳು. ನನ್ನ ಚೀಟಿ ಬೇಕಾಗಲಿಲ್ಲ. ಪರಿಶೀಲನಾ ವರದಿ, ಪಹಣಿ, ಟಿಪ್ಪಣಿ ನೋಡಿ ಬರೆದುಕೊಂಡರು. ಐದೇ ನಿಮಿಷ.

ಆಮೇಲೂ ಅಂತಿಮ ಅನುಮೋದನೆಗೆ ಬಹಳ ಕಾಲ ಹಿಡಿಯಿತು. ಅಂತಿಮ ನಕ್ಷೆಯಲ್ಲಿ ಹಳ್ಳ ತನ್ನ ಜಾಗಕ್ಕೆ ಹೋಗಿದೆ. ನಮ್ಮ ಮೇಲಿದ್ದ ಉದ್ಯಾನ ಗುಂಡುತೋಪಿನ ಕಡೆ ಸರಿದಿದೆ. ಪೂರ್ವದ ಅಂಚಿನಲ್ಲಿ ಮೀಸಲು ಪಟ್ಟಿ ನಮಗೂ ಸ್ವಲ್ಪ ತಗಲುತ್ತದೆ, ಅದು ನ್ಯಾಯವೇ. ಬಂಡಿದಾರಿಯನ್ನು 18 ಮೀಟರ್ ರಸ್ತೆ ಎಂದು ಗುರುತಿಸಿದ್ದಾರೆ, ಅದಕ್ಕೂ ಒಂದಿಷ್ಟು ಹೋಗುತ್ತದೆ, ಜೊತೆಗೆ ನಾಲ್ಕು ತೆಂಗು. ಉಳಿದದ್ದು ಹಳದಿ.

ಹಳದಿಯಾದ ಮಾತ್ರಕ್ಕೆ ಪರಿವರ್ತನೆ ಆದಂತಲ್ಲ. ನಾವು ವಿಚಾರಿಸಿದಾಗ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಅರ್ಜಿ ಹಾಕಿ ಶುಲ್ಕ ಕಟ್ಟಬೇಕಿತ್ತು. ಬಳಕೆ ಮಾಸ್ಟರ್ ಪ್ಲಾನಿಗೆ ಹೊಂದುತ್ತಿದ್ದರೆ ದಾರಿ ಸಲೀಸು. ಜಮೀನಿನ ಒಂದು ಭಾಗಕ್ಕೆ ಮಾತ್ರ ಕೇಳುವುದಾದರೆ ಆ ಭಾಗವನ್ನು ಬೇರೆಯಾಗಿ ಅಳೆದು ತೋರಿಸುವ 11ಇ ನಕ್ಷೆ ಮೊದಲು ಮಾಡಿಸಬೇಕು. ಮನೆ ಕಟ್ಟುವಷ್ಟು ಜಾಗಕ್ಕೆ ತಮ್ಮ 11ಇ ಮಾಡಿಸಿ ಅರ್ಜಿ ಹಾಕಿದ್ದಾನೆ. ಅಮ್ಮ ತನ್ನ ಪಾಲಿಗೆ ಪರಿವರ್ತನೆ ಬೇಡ ಎಂದಿದ್ದಾಳೆ. ವಸತಿ ವಲಯದಲ್ಲಿದ್ದರೂ ಉಳುಮೆ ಮುಂದುವರಿಸಲು ಅಡ್ಡಿಯಿಲ್ಲ, ಈ ಸಲವೂ ರಾಗಿ ಹಾಕಿದ್ದೇವೆ.

ಒಂದು ವಿಷಯ ಮಾತ್ರ ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಪೂರ್ವದ ಜಮೀನಿನ ಅಣ್ಣ ಆಕ್ಷೇಪಣೆ ಕೊಟ್ಟಿರಲಿಲ್ಲ. ಹಳೆಯ ಗ್ರಾಮಸಭೆಯಲ್ಲಿ ಕೊಟ್ಟ ಅರ್ಜಿಯೇ ಸಾಕು ಎಂದುಕೊಂಡಿದ್ದರು. ಗಡುವಿನೊಳಗೆ ನಾವು ಹೇಳಿದಾಗಲೂ ನಂಬಲಿಲ್ಲ. ಹಳ್ಳ ಅವರ ಕಡೆ ಇರುವುದು ನಿಜ, ಅದರ ಅಂಚು ಅವರಿಗೆ ಬರಲೇಬೇಕು. ಆದರೆ ಅಂಚಿನಾಚೆ ಹತ್ತು ಗುಂಟೆಯಷ್ಟು ಉದ್ಯಾನದ ಹಸಿರು ಅವರ ಪಾಲಿಗೆ ಹಾಗೇ ಉಳಿದುಬಿಟ್ಟಿದೆ. ಅವರಿಗೆ ಈಗ ಎರಡು ದಾರಿ. ನಕ್ಷೆಯ ದೋಷವೆಂದು ತೋರಿಸಿ ಯೋಜನಾ ಕಾಯ್ದೆಯ 14-ಎ ಕಲಂನಲ್ಲಿ ಬದಲಾವಣೆ ಕೇಳುವುದು ಒಂದು. ಅದಕ್ಕೆ ಪತ್ರಿಕಾ ಪ್ರಕಟಣೆ, ಕನಿಷ್ಠ 15 ದಿನ ಆಕ್ಷೇಪಣೆಯ ಅವಧಿ, ಸರ್ಕಾರದ ಪೂರ್ವಾನುಮೋದನೆ ಎಲ್ಲ ಬೇಕು. ಇನ್ನೊಂದು, ಕಾಯುವುದು. ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿದ ಜಮೀನನ್ನು ಪ್ಲಾನ್ ಜಾರಿಯಾದ 5 ವರ್ಷದೊಳಗೆ ಒಪ್ಪಂದದಿಂದ ಪಡೆಯದೆ, ಸ್ವಾಧೀನದ ಪ್ರಕ್ರಿಯೆಯನ್ನೂ ಶುರುಮಾಡದಿದ್ದರೆ ಆ ಗುರುತು ಬಿದ್ದುಹೋಗುತ್ತದೆ ಎಂದು ಅದೇ ಕಾಯ್ದೆಯ 69ನೇ ಕಲಂ ಹೇಳುತ್ತದೆ. ಅವರು ಮೊದಲನೆಯದನ್ನು ಆರಿಸಿಕೊಂಡಿದ್ದಾರೆ. ಪಹಣಿ, ಟಿಪ್ಪಣಿ ಪ್ರತಿಗಳನ್ನು ಮೊನ್ನೆ ಅವರ ಜೊತೆ ಹೋಗಿ ತೆಗೆಸಿಕೊಟ್ಟೆ. ಸ್ಥಳ ಪರಿಶೀಲನಾ ವರದಿಯ ಪ್ರತಿ ಮಾಹಿತಿ ಹಕ್ಕಿನಲ್ಲಿ ಬರಬೇಕಿದೆ, ಅದು ಬಂದ ಕೂಡಲೇ ಅರ್ಜಿ ಬರೆಯುತ್ತೇವೆ.